ಪ್ರೀ-ಫಿಲ್ಟರ್ ಬೇಕೋ ಬೇಡವೋ, ಬಾಟಲಿಯನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಗಡಸು ನೀರನ್ನು ಮೆದು ಮಾಡಲು ಮನೆಗೆ ಹಾಕಿಸುವ ವಾಟರ್ ಸಾಫ್ಟನರ್ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿಯೇ ಇತ್ತು. ಕೊನೆಗೆ ಮಾತ್ರ, ಸಾಫ್ಟನರ್ ಹಾಕಿಸುವವರು ಅದರ ಮುಂದೆ ಮಣ್ಣು ಮರಳು ಸೋಸುವ ಒಂದು ಪ್ರೀ-ಫಿಲ್ಟರ್ ಹಾಕಿಸಿಕೊಳ್ಳಲಿ ಅಂತ ಒಂದು ಸಾಲು ಬರೆದು ಮುಗಿಸಿಬಿಟ್ಟಿದ್ದರು. ಯಾವ ಫಿಲ್ಟರ್, ಎಷ್ಟು ಮೈಕ್ರಾನ್ (ಅಂದರೆ ಎಷ್ಟು ಸಣ್ಣ ಕಣ ಹಿಡಿಯುವಂಥದ್ದು), ಎಂಥ ನೀರಿಗೆ, ಒಂದೂ ಇಲ್ಲ. ಆ ಒಂದು ಸಾಲಿನ ವಿಷಯಕ್ಕೇ ನಮ್ಮ ಮನೆಯಲ್ಲಿ ಎರಡು ವರ್ಷ ಜಗಳ ನಡೆದಿದೆ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನಿಸಿದರೆ ಕತ್ತರಿಸಿ, ಬಾಟಲಿಯ ಕತೆ ಮಾತ್ರ ಬಿಡಬೇಡಿ.

ನಾನು ಗದಗ ಕಡೆಯವನು. 1986ರಲ್ಲಿ ಪುಣೆಗೆ ಬಂದೆ. ಭೋಸರಿಯ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ 34 ವರ್ಷ ಲೇತ್ ಮುಂದೆ ನಿಂತು ರಿಟೈರ್ ಆದೆ. ಈಗ ಮೋಶಿಯಲ್ಲಿ ಒಂದು ಸೊಸೈಟಿಯ ಆರನೇ ಮಹಡಿಯಲ್ಲಿದ್ದೇವೆ. ಅದೇ ಕೊನೆಯ ಮಹಡಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಸಂಪ್‌ಗೆ ಮೂರು ಥರದ ನೀರು ಬೀಳುತ್ತದೆ. ಒಂದು ಪಿಂಪ್ರಿ-ಚಿಂಚ್‌ವಡ್ ಕಾರ್ಪೊರೇಷನ್ನಿನ ನೀರು. 2019ರ ಕೊನೆಯಿಂದ ಅದು ದಿನ ಬಿಟ್ಟು ದಿನ. ಎರಡನೆಯದು ನಮ್ಮದೇ ಬೋರ್‌ವೆಲ್. ಮೂರನೆಯದು ಟ್ಯಾಂಕರ್, ಏಪ್ರಿಲ್ ಮೇ ತಿಂಗಳಲ್ಲಿ ಜಾಸ್ತಿ. ಮೂರೂ ಒಂದೇ ಗುಂಡಿಯಲ್ಲಿ ಕೂಡಿ ಮೇಲಿನ ಟ್ಯಾಂಕ್‌ಗೆ ಏರುತ್ತವೆ. ಹಾಗಾಗಿ ಇವತ್ತಿನ ನೀರು ನಾಳೆ ಇರುವುದಿಲ್ಲ. ಬೇಳೆ ಬೇಯುವುದು ತಡವಾದರೆ "ಇವತ್ತು ಬೋರ್ ಬಿಟ್ಟಿದ್ದಾರೆ" ಅಂತ ನನ್ನ ಹೆಂಡತಿ ಕುಕ್ಕರ್ ಮುಂದೆ ನಿಂತೇ ಹೇಳುತ್ತಾಳೆ. ಅವಳೂ ಗದಗಿನವಳೇ, ಸವಳು ನೀರನ್ನು ಗುರುತಿಸಲು ಅವಳಿಗೆ ಯಾವ ಮೀಟರೂ ಬೇಡ.

ಗೀಸರ್ ಎರಡನೇ ಸಲ ಕೆಟ್ಟಾಗ ಮೆಕ್ಯಾನಿಕ್ ಕಾಯಿಲ್ ತೆಗೆದು ತೋರಿಸಿದ. ಸುಣ್ಣ ಬಳಿದ ಗೋಡೆ ಒಡೆದ ಹಾಗೆ ಪದರು ಪದರಾಗಿ ಉದುರಿತು. ಆ ತಿಂಗಳೇ 31,000 ರೂಪಾಯಿ ಕೊಟ್ಟು ಸಾಫ್ಟನರ್ ತಂದೆವು. ಪ್ರೀ-ಫಿಲ್ಟರ್ ಬೇಕಾ ಅಂತ ನಾನೇ ಕೇಳಿದೆ. ಮಾರಿದವನು ನಕ್ಕು, "ಅಂಕಲ್, ಒಳಗೆ ಇರೋದೇ ಫಿಲ್ಟರ್ ಅಲ್ವಾ, ಸುಮ್ನೆ ದುಡ್ಡು ಯಾಕೆ" ಅಂದ. ಒಳ್ಳೆಯವನು, ಖರ್ಚು ಉಳಿಸಿದ ಅಂದುಕೊಂಡೆ.

ಒಳಗೆ ಇರುವುದು ಫಿಲ್ಟರ್ ಅಲ್ಲ. ಸಿಲಿಂಡರ್ ಒಳಗೆ ರೆಸಿನ್ ಇರುತ್ತದೆ. ನೋಡಲು ಥೇಟ್ ಜೇನು ಬಣ್ಣದ ರವೆ, ಒಂದೊಂದು ಕಾಳೂ ಅರ್ಧ ಮಿಲಿಮೀಟರ್ ಆಸುಪಾಸು. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದಕ್ಕೆ ಅಂಟಿಕೊಳ್ಳುತ್ತವೆ, ಬದಲಿಗೆ ಅದರ ಮೈಮೇಲಿದ್ದ ಸೋಡಿಯಂ ನೀರಿಗೆ ಬಿಡುತ್ತದೆ. ಕಾಳು ತುಂಬಿದ ಮೇಲೆ ಪಕ್ಕದ ಡಬ್ಬಿಯ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಹೊಸದಾಗುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಕೆಲಸ ಅಷ್ಟೇ. ಮಣ್ಣು ಹಿಡಿಯುವುದು ಅದರ ಕೆಲಸ ಅಲ್ಲ. ಹಾಗೆಯೇ ಗಡಸುತನ ತೆಗೆಯುವುದು ಪ್ರೀ-ಫಿಲ್ಟರ್‌ನ ಕೆಲಸ ಅಲ್ಲ. ಕರಗಿದ ಸಕ್ಕರೆಯನ್ನು ಚಹಾ ಸೋಸುವ ಜಾಲರಿ ಹಿಡಿಯುತ್ತದೆಯೇ?

ಮೊದಲ ನಾಲ್ಕು ತಿಂಗಳು ಸ್ವರ್ಗ. ಸೋಪು ನೊರೆ ಬಂತು, ಸ್ಟೀಲ್ ಲೋಟದ ಮೇಲಿನ ಬಿಳಿ ಚುಕ್ಕೆ ಹೋದವು. ಐದನೇ ತಿಂಗಳು ನಾನು ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ, "ನೋಡು, ಉಪ್ಪು ಎಷ್ಟು ಕಡಿಮೆ ಖರ್ಚಾಗ್ತಿದೆ. ಒಂದೂವರೆ ತಿಂಗಳಾಯ್ತು, ಡಬ್ಬಿಯಲ್ಲಿ ಇಳಿದೇ ಇಲ್ಲ." ಅವಳು ಲೋಟ ತಂದು ನನ್ನ ಮುಂದೆ ಇಟ್ಟಳು. ಬಿಳಿ ಚುಕ್ಕೆ ವಾಪಸ್ ಬಂದಿದ್ದವು. ಉಪ್ಪು ಉಳಿದಿದ್ದು ಉಳಿತಾಯದಿಂದ ಅಲ್ಲ, ಮಷಿನ್ ಅದನ್ನು ಎಳೆದುಕೊಳ್ಳುವುದನ್ನೇ ಬಿಟ್ಟಿತ್ತು.

ಸರ್ವಿಸ್‌ಗೆ ಫೋನ್ ಮಾಡಿದರೆ ಹತ್ತು ದಿನ ಅಂದರು. ನನಗೆ ತಾಳ್ಮೆ ಕಡಿಮೆ, ಕೈಯಲ್ಲಿ ಸ್ಪ್ಯಾನರ್ ಇದೆ. ನೀರು ಬಂದ್ ಮಾಡಿ ವಾಲ್ವ್ ಬಿಚ್ಚಿದೆ. ಒಳಗೆ ಇಂಜೆಕ್ಟರ್ ಅಂತ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ, ಬೆರಳಿನ ತುದಿಯಷ್ಟು. ಅದರ ನಡುವೆ ಗುಂಡುಪಿನ್ನು ಹೋಗುವಂಥ ತೂತು. ಸೊಳ್ಳೆಗೆ ಔಷಧಿ ಹೊಡೆಯುವ ಹಳೆಯ ಕೈಪಂಪು ನೆನಪಿದೆಯಾ? ಗಾಳಿ ಜೋರಾಗಿ ಹಾದಾಗ ಡಬ್ಬಿಯ ಔಷಧಿ ತಾನಾಗಿ ಮೇಲೇರುತ್ತದಲ್ಲ, ಇದೂ ಹಾಗೆಯೇ. ಕಿರಿದಾದ ತೂತಿನಲ್ಲಿ ನೀರು ಜೋರಾಗಿ ನುಗ್ಗಿದಾಗ ಉಪ್ಪುನೀರು ಎಳೆದು ಬರುತ್ತದೆ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತೂತು ಕಾಣಲಿಲ್ಲ. ಸೂಜಿಯಿಂದ ಚುಚ್ಚಿ ಅಂಗೈ ಮೇಲೆ ತಟ್ಟಿದೆ. ಎರಡು ಮರಳಿನ ಕಾಳು, ಜೊತೆಗೆ ಸುರುಳಿ ಸುತ್ತಿದ ಒಂದು ಬಿಳಿ ಎಳೆ. ಆ ಸುರುಳಿ ನೋಡಿದ ಕೂಡಲೇ ನಗು ಬಂತು. ಲೇತ್‌ನಲ್ಲಿ ಕೊಯ್ದಾಗ ಸುರುಳಿಯಾಗಿ ಉದುರುವ ಇಂಥ ಚೂರಿಗೆ ನಾವು ಬುರಾದಾ ಅನ್ನುತ್ತಿದ್ದೆವು. ಕೆಲವು ವಾರದ ಹಿಂದೆ ಮೇಲಿನ ಟ್ಯಾಂಕ್‌ನ ಪಿವಿಸಿ ಪೈಪು ಬದಲಾಯಿಸಿದ್ದರು. ಪ್ಲಂಬರ್ ಕೊಯ್ದ ಪೈಪಿನ ಚೂರು ಆರನೇ ಮಹಡಿಯ ಮೊದಲ ಮನೆಗೇ ಇಳಿದಿತ್ತು. 34 ವರ್ಷ ಬುರಾದಾ ಗುಡಿಸಿದವನ ಮನೆಗೇ ಬರಬೇಕಾ!

ತೂತು ಬಿಡಿಸಿ ಕೂರಿಸಿದೆ. ಅವತ್ತೇ ರಾತ್ರಿ ಡಬ್ಬಿಯಲ್ಲಿ ನೀರಿನ ಮಟ್ಟ ಇಳಿಯಿತು.

ಹತ್ತು ದಿನದ ಮೇಲೆ ಸರ್ವಿಸ್‌ನವನು ಬಂದ. ಬಂದವನೇ "ಪ್ರೀ-ಫಿಲ್ಟರ್ ಹಾಕಿಸಿಲ್ಲವಾ, ವಾರಂಟಿ ಹೇಗೆ ಸಿಗುತ್ತೆ" ಅಂದ. ಅದೇ ಅಂಗಡಿಯ ಮನುಷ್ಯ! ಬೇಡ ಅಂದವರೂ ಅವರೇ, ಬೇಕು ಅಂದವರೂ ಅವರೇ. ಜಗಳಕ್ಕೆ ಸಮಯ ಇರಲಿಲ್ಲ, ಹಾಕು ಅಂದೆ. ಹತ್ತು ಇಂಚಿನ ಹೌಸಿಂಗ್ (ಹೊರಗಿನ ಕವಚ), ಒಳಗೆ ಬಿಳಿ ನೂಲಿನ ಉಂಡೆಯಂಥ 5 ಮೈಕ್ರಾನ್ ಕಾರ್ಟ್ರಿಜ್ ಹಾಕಿ ಹೋದ.

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅದು ಎಷ್ಟು ಅಂತ ನನ್ನ ಕೈಗೆ ಗೊತ್ತು. ಬೇರಿಂಗ್ ಕೂರುವ ಜಾಗದಲ್ಲಿ 10 ಮೈಕ್ರಾನ್ ಹೆಚ್ಚು ಕಡಿಮೆ ಆದರೆ ಜಾಬ್ ರಿಜೆಕ್ಟ್. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. 5 ಮೈಕ್ರಾನ್ ಅಂದರೆ ಆ ಕೂದಲನ್ನು ಹದಿನಾಲ್ಕು ಸೀಳು ಮಾಡಿದ ಹಾಗೆ. ಇಷ್ಟು ಸೂಕ್ಷ್ಮ ಯಾಕೆ ಬೇಕು ಅಂತ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಜಾಸ್ತಿ ಸೋಸಿದರೆ ಒಳ್ಳೆಯದೇ ಅಂದುಕೊಂಡೆ.

ಏಪ್ರಿಲ್ ಬಂತು, ಟ್ಯಾಂಕರ್ ಬಂತು. ಹನ್ನೆರಡೇ ದಿನಕ್ಕೆ ಬಾತ್‌ರೂಮಿನ ನಳ ಸೊರಗಿತು. ಲೋಟದ ಮೇಲೆ ಮತ್ತೆ ಚುಕ್ಕೆ. ಡಬ್ಬಿ ತೆಗೆದು ನೋಡಿದರೆ ಉಪ್ಪು ಇದ್ದಲ್ಲೇ ಇದೆ! ಈ ಸಲ ಇಂಜೆಕ್ಟರ್ ಕನ್ನಡಿಯಷ್ಟು ಸ್ವಚ್ಛ. ಹಾಗಾದರೆ ಏನಾಯಿತು? ಕಾರ್ಟ್ರಿಜ್ ತೆಗೆದೆ. ಬಿಳಿ ಹೋಗಿ ಬೆಲ್ಲದ ಬಣ್ಣ ಆಗಿತ್ತು, ಕೈಯಲ್ಲಿ ಹಿಂಡಿದರೆ ಕೆಸರು. ಅದರ ಮೂಲಕ ಹಾದು ಬರುವಷ್ಟರಲ್ಲಿ ನೀರಿನ ಜೋರೇ ಸತ್ತುಹೋಗುತ್ತಿತ್ತು. ಜೋರಿಲ್ಲದಿದ್ದರೆ ಕೈಪಂಪು ಔಷಧಿ ಎಳೆಯುವುದಿಲ್ಲ.

ಅಂದರೆ ನೋಡಿ, ಫಿಲ್ಟರ್ ಇಲ್ಲದಾಗ ಬಂದ ರೋಗವೂ ಅದೇ, ತಪ್ಪು ಫಿಲ್ಟರ್ ಹಾಕಿದಾಗ ಬಂದ ರೋಗವೂ ಅದೇ. ನಿಮ್ಮ ಬರಹದ ಆ ಒಂದು ಸಾಲಿನ ಮೇಲೆ ನನಗಿರುವ ಸಿಟ್ಟು ಇದು.

ಇಲ್ಲಿ ಕೊನೆಯ ಮಹಡಿಯ ಮಾತು ಬರುತ್ತದೆ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸಿಗುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಪ್ರೆಷರ್. ಒಂದನೇ ಮಹಡಿಯವರಿಗೆ ಅದು ಪುಕ್ಕಟೆ ಸಿಗುತ್ತದೆ. ನನ್ನ ತಲೆಯ ಮೇಲೆ ಟ್ಯಾಂಕ್ ಇರುವುದು ಮೂರು ಮೀಟರ್‌ಗೆ, ಅಂದರೆ 0.3 ಕೆ.ಜಿ. ಸಾಫ್ಟನರ್‌ಗೆ ಒಂದೂವರೆ ಎರಡು ಕೆ.ಜಿ. ಬೇಕು, ಅದಕ್ಕೆ ಚಿಕ್ಕ ಪ್ರೆಷರ್ ಪಂಪ್ ಹಾಕಿಸಿದ್ದೇನೆ. ಆ ಪಂಪಿನ ಶ್ರಮವನ್ನೆಲ್ಲ ಕೆಸರು ತುಂಬಿದ ಕಾರ್ಟ್ರಿಜ್ ತಿನ್ನುತ್ತಿತ್ತು. ಇನ್ನೊಂದು ಮಾತು. ಕೆಲವರು ಫಿಲ್ಟರನ್ನು ಪಂಪಿನ ಮುಂದೆ, ಎಳೆಯುವ ಕಡೆಗೆ ಹಾಕುತ್ತಾರೆ. ಅದು ಕಟ್ಟಿಕೊಂಡರೆ ನೀರಿಲ್ಲದೆ ಪಂಪ್ ಒದ್ದಾಡಿ ಸಾಯುತ್ತದೆ. ಮೊದಲು ಪಂಪ್, ಆಮೇಲೆ ಫಿಲ್ಟರ್, ಆಮೇಲೆ ಸಾಫ್ಟನರ್.

ಎರಡು ಸಲ ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ವರ್ಕ್‌ಶಾಪ್‌ನಲ್ಲಿ ಅಳತೆ ಮಾಡದೆ ಟೂಲ್ ಮುಟ್ಟುತ್ತಿರಲಿಲ್ಲ, ಮನೆಯಲ್ಲಿ ಮಾತ್ರ ಯಾರೋ ಹೇಳಿದ್ದು ಕೇಳಿ ದುಡ್ಡು ಸುರಿದೆ. ಹೆಂಡತಿಯಿಂದ ಮೂರು ಹಳೆಯ ಉಪ್ಪಿನಕಾಯಿ ಬಾಟಲಿ ಬೇಡಿ ತಂದೆ. (ಕೊಡುವಾಗ "ಮುಚ್ಚಳ ಕಳೆದರೆ ನೋಡಿ" ಅಂದಳು.) ಕಾರ್ಪೊರೇಷನ್ ನೀರು ಬಂದ ದಿನ ಸಂಪ್‌ಗೆ ಬೀಳುವ ಪೈಪಿಗೇ ಒಂದು ಬಾಟಲಿ ಹಿಡಿದೆ. ಬೋರ್ ನೀರು ಒಂದರಲ್ಲಿ. ಟ್ಯಾಂಕರ್‌ನ ಡ್ರೈವರ್ ವಿಚಿತ್ರವಾಗಿ ನೋಡುತ್ತಿದ್ದಾಗಲೇ ಅವನ ಪೈಪಿನಿಂದ ಮೂರನೆಯದು. ಚೀಟಿ ಅಂಟಿಸಿ, ಒಂದು ರಾತ್ರಿ ಅಲುಗಾಡಿಸದೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆವು.

ಬೆಳಿಗ್ಗೆ ನೋಡಿದರೆ ಟ್ಯಾಂಕರ್ ಬಾಟಲಿಯ ತಳದಲ್ಲಿ ಅಕ್ಕಿಕಾಳು ದಪ್ಪ ಮಣ್ಣು, ಮೇಲೆ ಒಂದು ಒಣ ಎಲೆಯ ಚೂರು. ಕಾರ್ಪೊರೇಷನ್ ನೀರಿನ ತಳದಲ್ಲಿ ತೆಳ್ಳಗೆ ಒಂದು ಗೆರೆ. ಅದಕ್ಕೂ ಕಾರಣ ಇದೆ. ದಿನ ಬಿಟ್ಟು ದಿನ ನೀರು ಬಿಟ್ಟರೆ ಖಾಲಿ ಪೈಪಿನಲ್ಲಿ ಮೊದಲು ನುಗ್ಗುವ ನೀರು ಒಳಗಿನ ಕಸವನ್ನೆಲ್ಲ ಎತ್ತಿಕೊಂಡು ಬರುತ್ತದೆ. ಬೋರ್ ನೀರಿನಲ್ಲಿ ಏನೂ ಇಲ್ಲ. ಹರಳಿನಂತೆ ಇತ್ತು.

ಆಮೇಲೆ ಗಡಸುತನದ ಕಿಟ್ ತೆಗೆದೆ. ಔಷಧಿ ಅಂಗಡಿಯ ಕಣ್ಣಿನ ಹನಿಯಂಥ ಸೀಸೆ. ನೀರಿಗೆ ಮೊದಲು ಬಣ್ಣ ಹಾಕಿದರೆ ದ್ರಾಕ್ಷಿ ಕೆಂಪು ಬರುತ್ತದೆ, ಹನಿ ಹನಿ ಬಿಡುತ್ತಾ ಹೋದರೆ ಒಂದು ಹನಿಗೆ ತಟ್ಟನೆ ನೀಲಿಯಾಗುತ್ತದೆ. ನನ್ನ ಕಿಟ್‌ನಲ್ಲಿ ಒಂದು ಹನಿಗೆ ಲೀಟರಿಗೆ 20 ಮಿಲಿಗ್ರಾಂ ಲೆಕ್ಕ. ಕಾರ್ಪೊರೇಷನ್ ನೀರು ಮೂರೇ ಹನಿಗೆ ನೀಲಿ, ಅಂದರೆ 60. ಟ್ಯಾಂಕರ್ 18 ಹನಿ, 360. ಬೋರ್ ನೀರಿಗೆ ಎಣಿಸುತ್ತಾ ಎಣಿಸುತ್ತಾ 23 ಹನಿ, 460. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಸಿಗದಿದ್ದರೆ 600ರ ತನಕ. ಕಣ್ಣಿಗೆ ಎಲ್ಲಕ್ಕಿಂತ ಸ್ವಚ್ಛ ಕಂಡ ಬೋರ್ ನೀರೇ ಎಲ್ಲಕ್ಕಿಂತ ಗಡಸು! ಬರೀ ಬೋರ್ ಇರುವ ಮನೆಗೆ, ನೀರು ಹೀಗೆ ತಿಳಿಯಾಗಿದ್ದರೆ, ಸಾಫ್ಟನರ್ ಖಂಡಿತ ಬೇಕು, ಪ್ರೀ-ಫಿಲ್ಟರ್ ಹೆಸರಿಗೆ ಒಂದು ಜಾಲರಿ ಸಾಕು. ನನ್ನ ಮನೆಗೆ ಪ್ರೀ-ಫಿಲ್ಟರ್ ಬೇಕಾಗಿದ್ದು ಟ್ಯಾಂಕರ್‌ನಿಂದಾಗಿ, ಮತ್ತು ಆ ಪ್ಲಂಬರ್‌ನಿಂದಾಗಿ.

ಬಾಟಲಿ ಇನ್ನೊಂದು ಕತೆಯನ್ನೂ ಹೇಳುತ್ತದೆ. ನನ್ನ ಹಳೆಯ ಶಿಫ್ಟ್ ಗೆಳೆಯ ಒಬ್ಬ ಚಿಖಲಿಯಲ್ಲಿದ್ದಾನೆ. ಅವನ ಬೋರ್ ನೀರು ಹಿಡಿದಾಗ ತಿಳಿ, ಬೆಳಿಗ್ಗೆ ಚಹಾದ ಬಣ್ಣ. ಅದು ಮಣ್ಣಲ್ಲ, ಕಬ್ಬಿಣ. ಕರಗಿ ಬಂದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಕರಗಿದ್ದಾಗ ಅದು ನೂಲಿನ ಫಿಲ್ಟರ್ ದಾಟಿ ಹೋಗಿ ರೆಸಿನ್ ಮೇಲೆ ಕೂತು ಕಾಳನ್ನೇ ಕೆಂಪು ಮಾಡುತ್ತದೆ. ಉಪ್ಪುನೀರಿನಲ್ಲಿ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಅವನಿಗೆ ಒಬ್ಬ ಒಂದರ ಹಿಂದೆ ಒಂದು ಎರಡು 5 ಮೈಕ್ರಾನ್ ಹಾಕಿ ದುಡ್ಡು ಎಣಿಸಿಕೊಂಡು ಹೋದ. ಅವನಿಗೆ ಬೇಕಿದ್ದದ್ದು ಕಬ್ಬಿಣ ತೆಗೆಯುವ ಬೇರೆಯದೇ ಫಿಲ್ಟರ್. ಕಮೋಡ್‌ನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು, ಒಳಗೆಲ್ಲ ಕಾವಿ ಬಳಿದಂತೆ ಇದೆ.

ಕೊತ್ರೂಡ್‌ನ ನನ್ನ ತಂಗಿಯದು ಇದಕ್ಕೂ ಮಜಾ. ಅವಳ ಮನೆಗೆ ಬರುವುದು ಖಡಕ್‌ವಾಸ್ಲಾ ಕಡೆಯ ಡ್ಯಾಮಿನ ನೀರು, ಬೋರ್ ಇಲ್ಲ, ಟ್ಯಾಂಕರ್ ಇಲ್ಲ. ಮಷಿನ್ ಮಾರುವವನೊಬ್ಬ ಬಂದು ಲೋಟದ ನೀರಿಗೆ ಎರಡು ಸಲಾಕೆ ಅದ್ದಿ ಕರೆಂಟ್ ಬಿಟ್ಟ. ನೀರು ಕೊಳಕು ಕಂದು ಆಯಿತು. "ನೋಡಿ ಮೇಡಂ, ನೀವು ಕುಡಿಯೋದು ಇದನ್ನೇ" ಅಂದನಂತೆ. ಅವಳು ಹೆದರಿ ನನಗೆ ಫೋನ್ ಮಾಡಿದಳು. ಆ ಬಣ್ಣ ಅವಳ ನೀರಿನದ್ದಲ್ಲ, ಅವನ ಕಬ್ಬಿಣದ ಸಲಾಕೆಯದ್ದು. ಕರೆಂಟ್ ಹರಿದು ಸಲಾಕೆಯೇ ಕರಗುತ್ತದೆ. ನಾನು ಕಿಟ್ ಒಯ್ದು ಹನಿ ಬಿಟ್ಟೆ, ಮೂರನೇ ಹನಿಗೆ ನೀಲಿ. ಅವಳಿಗೆ ಸಾಫ್ಟನರ್‌ರೇ ಬೇಡ. ಪ್ರೀ-ಫಿಲ್ಟರ್ ಮಾತು ಎಲ್ಲಿಂದ ಬಂತು! ಉಳಿದ ದುಡ್ಡಿಗೆ ನನಗೆ ಒಂದು ಊಟ ಹಾಕಿಸಿದಳು.

ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಹಿಡಿದು ಬರುವವರನ್ನೂ ನಂಬಬೇಡಿ. ಸಾಫ್ಟನರ್ ಒಂದು ಲವಣ ತೆಗೆದು ಇನ್ನೊಂದು ಕೊಡುತ್ತದೆ, ಮೀಟರ್‌ನ ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನಮ್ಮ ನಾಲ್ಕನೇ ಮಹಡಿಯವರು ಅದನ್ನು ನೋಡಿ ಒಳ್ಳೆಯ ಮಷಿನ್‌ಗೇ ಬೈದರು.

ಕ್ಲೋರಿನ್ ಬಗ್ಗೆಯೂ ಕೇಳುತ್ತಾರೆ. ಕ್ಲೋರಿನ್ ಜಾಸ್ತಿಯಾದರೆ ವರ್ಷಗಳಲ್ಲಿ ರೆಸಿನ್ ಮೆತ್ತಗಾಗುತ್ತದೆ, ನಿಜ. ಅದಕ್ಕೇ ಕಾರ್ಬನ್ ಫಿಲ್ಟರ್ ಮಾರುತ್ತಾರೆ. ಆದರೆ ಕಾರ್ಪೊರೇಷನ್ ನೀರಿನಲ್ಲಿ ನಳದ ತನಕ ಉಳಿಯುವ ಚೂರು ಕ್ಲೋರಿನ್ ನಮ್ಮ ಕಾವಲುಗಾರ. ಅದನ್ನು ಮನೆಯ ಬಾಗಿಲಲ್ಲೇ ತೆಗೆದುಹಾಕಿದರೆ ಒಳಗಿನ ಪೈಪಿನಲ್ಲಿ ರೋಗಾಣುಗಳನ್ನು ಕೇಳುವವರಿಲ್ಲ. ನಾನು ಹಾಕಿಸಲಿಲ್ಲ. ಸೊಸೈಟಿಯವರು ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಸುರಿದ ದಿನ ಮಾತ್ರ ಬೈಪಾಸ್ ವಾಲ್ವ್ ತಿರುಗಿಸಿ ಸಾಫ್ಟನರ್‌ಗೆ ರಜೆ ಕೊಡುತ್ತೇನೆ.

ಈಗ ನಮ್ಮ ಮನೆಯಲ್ಲಿ ಏನಿದೆ ಅಂದರೆ, ಪಂಪ್ ಆದ ಮೇಲೆ 100 ಮೈಕ್ರಾನ್‌ನ ಸ್ಟೀಲ್ ಜಾಲರಿ. ಕೆಳಗೆ ಒಂದು ಪುಟ್ಟ ನಳ ಇದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ಹತ್ತು ಸೆಕೆಂಡ್ ಬಿಡುತ್ತೇನೆ, ಮರಳು ಹೊರಗೆ ಹೋಗುತ್ತದೆ. ಅದಾದ ಮೇಲೆ 20 ಇಂಚಿನ ಹೌಸಿಂಗ್, ಒಳಗೆ 20 ಮೈಕ್ರಾನ್ ಕಾರ್ಟ್ರಿಜ್. ಉದ್ದ ಜಾಸ್ತಿ ಇದ್ದಷ್ಟೂ ಕಟ್ಟುವುದು ನಿಧಾನ. 5 ಮೈಕ್ರಾನ್ ಬೇಕಾದರೆ ಅಡುಗೆಮನೆಯ ಕುಡಿಯುವ ನೀರಿನ ಮಷಿನ್‌ನಲ್ಲಿ ಇದ್ದೇ ಇದೆ. ಹೌಸಿಂಗ್ ಮೊದಲು ಪಾರದರ್ಶಕದ್ದು ತಂದಿದ್ದೆ, ಕೆಸರು ಕಾಣಲಿ ಅಂತ. ಬಾಲ್ಕನಿಯ ಬಿಸಿಲಿಗೆ ಒಂದೇ ತಿಂಗಳಲ್ಲಿ ಒಳಗೆ ಪಾಚಿ ಹಸಿರು. ಈಗ ಅದಕ್ಕೆ ಹಳೆಯ ಪ್ಯಾಂಟಿನ ಕಾಲು ತೊಡಿಸಿದ್ದೇವೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಫಿಲ್ಟರ್‌ನ ಆಚೆಗೊಂದು ಈಚೆಗೊಂದು ಹಾಕಿದ ಎರಡು ಪ್ರೆಷರ್ ಗೇಜ್. ಎರಡೂ ಸೇರಿ 600 ರೂಪಾಯಿ. ಕಾರ್ಟ್ರಿಜ್ ಹೊಸದಿದ್ದಾಗ ಎರಡೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತವೆ. ನಡುವಿನ ವ್ಯತ್ಯಾಸ ಅರ್ಧ ಕೆ.ಜಿ. ಆದರೆ ಬದಲಾಯಿಸುತ್ತೇನೆ. ಚಳಿಗಾಲದಲ್ಲಿ ಮೂರು ತಿಂಗಳು ಬರುತ್ತದೆ, ಮೇ ತಿಂಗಳಲ್ಲಿ ಮೂರು ವಾರ. "ಆರು ತಿಂಗಳಿಗೊಮ್ಮೆ ಬದಲಾಯಿಸಿ" ಅಂತ ಡಬ್ಬಿಯ ಮೇಲೆ ಬರೆದವನಿಗೆ ಮೋಶಿಯ ಟ್ಯಾಂಕರ್ ಗೊತ್ತಿಲ್ಲ.

ಈಗ ನನ್ನ ತಕರಾರು ಸೊಸೈಟಿಯ ಜೊತೆ. ನಮ್ಮಲ್ಲಿ 42 ಮನೆ. ಹತ್ತೊಂಬತ್ತು ಮನೆಯಲ್ಲಿ ಈಗಾಗಲೇ ಸಾಫ್ಟನರ್, ಪ್ರತಿಯೊಂದಕ್ಕೂ ಒಂದು ಫಿಲ್ಟರ್. ಎಲ್ಲರ ಕಾರ್ಟ್ರಿಜ್ ಹೋಗುವುದು ಅದೇ ಕಸದ ಬುಟ್ಟಿಗೆ, ಎಲ್ಲದರಲ್ಲೂ ಅದೇ ಟ್ಯಾಂಕರ್‌ನ ಮಣ್ಣು. ಸಂಪ್‌ನಿಂದ ಮೇಲೆ ಏರುವ ಪೈಪಿಗೇ ಒಂದು ಮರಳಿನ ಫಿಲ್ಟರ್ ಹಾಕಿದರೆ ಎಲ್ಲರಿಗೂ ಆಗುತ್ತದೆ, ನೀರನ್ನು ಉಲ್ಟಾ ಹಾಯಿಸಿ ಅದನ್ನು ತೊಳೆಯಬಹುದು, ಎಸೆಯುವಂಥದ್ದು ಏನೂ ಇಲ್ಲ. ಇದನ್ನು ಹೇಳಿದರೆ ಮೆಂಟೆನೆನ್ಸ್ ಹೆಚ್ಚುತ್ತದೆ ಅಂತ ಕೂಗು. ಸಾಫ್ಟನರ್ ಇಲ್ಲದವರು "ನಮಗ್ಯಾಕೆ" ಅನ್ನುತ್ತಾರೆ. ಅವರ ವಾಷಿಂಗ್ ಮಷಿನ್‌ನ ಪೈಪಿನ ತುದಿಯಲ್ಲೂ ಒಂದು ಪುಟ್ಟ ಜಾಲರಿ ಇದೆ, ಅದನ್ನು ಬಿಚ್ಚಿ ನೋಡಿ ಅಂದೆ. ಇಬ್ಬರು ನೋಡಿ ಬಂದು ನನ್ನ ಕಡೆ ಆದರು.

ಬರುವ ಭಾನುವಾರ ಸಭೆ ಇದೆ. ಮೂರು ಬಾಟಲಿಯನ್ನೂ ಮತ್ತೆ ತುಂಬಿಸಿ ಇಟ್ಟಿದ್ದೇನೆ. ಲಿಫ್ಟ್‌ನಲ್ಲಿ ಅಲುಗಾಡಿಸಬೇಡಿ, ಟ್ಯಾಂಕರ್‌ದು ಮತ್ತೆ ಕಲಕಿಬಿಡುತ್ತದೆ ಅಂತ ಹೆಂಡತಿ ಎಚ್ಚರಿಸಿದ್ದಾಳೆ. ಒಂದು ಬಾಟಲಿಯ ಮುಚ್ಚಳ ಕಳೆದುಹೋಗಿದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ. ನೀವು ಈ ಪತ್ರ ಭಾನುವಾರಕ್ಕಿಂತ ಮೊದಲು ಹಾಕುವುದಾದರೆ ಈ ಸಾಲು ಮಾತ್ರ ಕತ್ತರಿಸಿ.

ಇಂತಿ,
ಮೋಶಿಯ ಒಬ್ಬ ಓದುಗ
ಪುಣೆ